ಹೆವಿ ಲೈಸೆನ್ಸ್ ಕೂಡ ಒಂದು ವಿದ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಲಾರಿ ಲೈಸೆನ್ಸ್ ಬಗ್ಗೆ ಮಾತಾಡಲು ನಿಂತಿದ್ದೇನೆ. ನನ್ನ ಬ್ಯಾಚಿನಲ್ಲಿ ಎಂಜಿನಿಯರ್ ಆದವರನ್ನು ಬೆರಳ ಮೇಲೆ ಎಣಿಸಬಹುದು. ಸ್ಟೇರಿಂಗ್ ಹಿಡಿದವರು ಅದಕ್ಕಿಂತ ಹೆಚ್ಚು. ತಿಕೋಟಾದ ಒಣದ್ರಾಕ್ಷಿ ಪೇಟೆ ಮುಟ್ಟುವುದು, ಬಬಲೇಶ್ವರ ಭಾಗದ ಕಬ್ಬು ಕಾರ್ಖಾನೆ ಸೇರುವುದು, ವಿಜಯಪುರದ ಅಂಗಡಿಗಳಿಗೆ ಸಾಮಾನು ಬರುವುದು ಇಂಥವರ ಕೈಯಿಂದಲೇ. ಆದರೂ "ಮಗ ಏನ್ ಮಾಡ್ತಾನ?" ಎಂದು ಕೇಳಿದರೆ "ಏನಿಲ್ರಿ, ಗಾಡಿ ಹೊಡೀತಾನ" ಎಂದು ಹೆತ್ತವರೇ ದನಿ ಇಳಿಸಿ ಹೇಳುತ್ತಾರೆ.

ಹೀಗೆ ದನಿ ಇಳಿಸುವುದರಿಂದ ದೊಡ್ಡ ನಷ್ಟವಿದೆ. ವಿದ್ಯೆಯೇ ಅಲ್ಲ ಎಂದುಕೊಂಡದ್ದನ್ನು ಯಾರೂ ಕ್ರಮವಾಗಿ ಕಲಿಯುವುದಿಲ್ಲ. ಹುಡುಗ ಕ್ಲೀನರ್ ಆಗಿ ಲಾರಿ ಹತ್ತುತ್ತಾನೆ. ರಾತ್ರಿ ರಸ್ತೆ ಖಾಲಿ ಇದ್ದಾಗ ಉಸ್ತಾದ್ ಸ್ಟೇರಿಂಗ್ ಕೊಡುತ್ತಾನೆ. "ಗಾಡಿ ಬರ್ತದ, ಲೈಸೆನ್ಸ್ ಆಮ್ಯಾಲೆ ನೋಡೂಣು" ಎನ್ನುತ್ತಾ ವರ್ಷಗಳು ಕಳೆಯುತ್ತವೆ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನೊಬ್ಬ ಹೀಗೆಯೇ ಏಳೆಂಟು ವರ್ಷ ದೊಡ್ಡ ಲಾರಿ ಓಡಿಸಿದ. ಕಿಸೆಯಲ್ಲಿದ್ದುದು ಕಾರು, ಜೀಪಿನ ಲಘು ವಾಹನದ ಲೈಸೆನ್ಸ್ ಮಾತ್ರ. ಒಂದು ದಿನ ಅಪಘಾತವಾಯಿತು. ತಪ್ಪು ಯಾರದೆಂದು ಕೇಳುವ ಮೊದಲೇ ಲೈಸೆನ್ಸ್ ಕೇಳಿದರು. ಸರಿಯಾದ ಲೈಸೆನ್ಸ್ ಇಲ್ಲದಿದ್ದಾಗ ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು. ಇಲ್ಲೂ ಹಾಗೇ ಆಯಿತು. ಮಾಲೀಕ ಹೊಲ ಮಾರಿದ, ಗೆಳೆಯ ಕೆಲಸ ಕಳೆದುಕೊಂಡ. ಕೈಯಲ್ಲಿ ಕಸುಬಿತ್ತು, ಅದಕ್ಕೆ ತಕ್ಕ ಕಾಗದ ಇರಲಿಲ್ಲ.

ಅಂದಿನಿಂದ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ 'ಸಾರಥಿ' ಪೋರ್ಟಲ್‌ನಲ್ಲಿ ಹುಡುಗರ ಅರ್ಜಿ ತುಂಬಿಕೊಡುತ್ತಿದ್ದೇನೆ. ಅಲ್ಲಿ ತಿಳಿದುಕೊಂಡ ದಾರಿಯನ್ನು ನಿಮಗೂ ಹೇಳುತ್ತೇನೆ.

ವಯಸ್ಸು 18 ಆದ ಮೇಲೆ ಲಘು ವಾಹನದ ಕಲಿಕಾ ಲೈಸೆನ್ಸ್. ಇದಕ್ಕೆ ಸಂಚಾರ ಚಿಹ್ನೆ, ನಿಯಮಗಳ ಪರೀಕ್ಷೆ ಇರುತ್ತದೆ. ನೂರಕ್ಕೆ 60ರಷ್ಟು ಉತ್ತರ ಸರಿ ಇರಬೇಕು. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ ಕೊಟ್ಟು ಪಕ್ಕಾ ಲೈಸೆನ್ಸ್ ಪಡೆಯಬಹುದು. ಅದು ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಆಗ ಮಾತ್ರ ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ನಮೂನೆ 1-ಎ, ಅಂದರೆ ವೈದ್ಯರ ಪ್ರಮಾಣಪತ್ರ ಬೇಕು. ಡ್ರೈವಿಂಗ್ ಸ್ಕೂಲಿನಲ್ಲಿ ದೊಡ್ಡ ಗಾಡಿಯ ಮೇಲೆಯೇ ಕಲಿತು ನಮೂನೆ 5 ಪಡೆಯಬೇಕು. ಕೊನೆಗೆ ಆರ್‌ಟಿಓ ಇನ್‌ಸ್ಪೆಕ್ಟರ್ ಎದುರು ಅದೇ ಬಗೆಯ ವಾಹನ ಓಡಿಸಿ ತೋರಿಸಬೇಕು. 18ಕ್ಕೆ ಹೊರಟವನಿಗೆ 20ರ ಸುಮಾರಿಗೆ ಹೆವಿ ಲೈಸೆನ್ಸ್ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಅದರಂತೆ ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನೂ ಓಡಿಸಬಹುದು. "ಈಗ ಹೆವಿ ಲೈಸೆನ್ಸೇ ಬೇಡವಂತೆ" ಎಂದು ಕಟ್ಟೆಯ ಮೇಲೆ ಮಾತು ಹುಟ್ಟಿದ್ದು ಇದರಿಂದ. ಅದು ತಪ್ಪು. 12,000 ಕೆ.ಜಿ. ದಾಟಿದ್ದು ಭಾರಿ ಸರಕು ವಾಹನ. ಆ ಲಾರಿಗಳಿಗೆ ತೀರ್ಪು ಅನ್ವಯಿಸುವುದಿಲ್ಲ.

ಯಾರಾದರೂ "ರೊಕ್ಕ ಕೊಡ್ರಿ, ಟೆಸ್ಟ್ ಇಲ್ಲದ ಮಾಡಿಸ್ತೀನಿ" ಎಂದರೆ ಒಂದು ಕ್ಷಣ ಯೋಚಿಸಿ. ವೈದ್ಯರ ನಮೂನೆಯಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲನೇ, ಇರುಳುಗಣ್ಣು ಇದೆಯೇ ಎಂದು ಕೇಳುತ್ತಾರೆ. ರಾತ್ರಿಯಿಡೀ ಲಾರಿ ಓಡಿಸುವವನ ಜೀವ ನಿಂತಿರುವುದೇ ಈ ಉತ್ತರಗಳ ಮೇಲೆ. ತರಬೇತಿಯೂ ಹಾಗೇ. ನಮ್ಮದು ಎರೆ ಹೊಲದ ಸಪಾಟು ಸೀಮೆ. ಇಲ್ಲಿ ಕಲಿತ ಕೈ ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ ಕಡೆ ಹೊರಟರೆ ಅರಬೈಲ್ ಘಟ್ಟ ಎದುರಾಗುತ್ತದೆ. ಲೋಡ್ ಗಾಡಿಯನ್ನು ಇಳಿಜಾರಿನಲ್ಲಿ ಬರೀ ಬ್ರೇಕ್ ಮೇಲೆ ಇಳಿಸಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ತಡೆಯಬೇಕು. ಇದನ್ನು ಘಟ್ಟಕ್ಕೆ ಹೋಗುವ ಮೊದಲೇ ಕಲಿತಿರಬೇಕು. 2021ರ ಜುಲೈನಿಂದ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಭಾರಿ ವಾಹನದ ಕೋರ್ಸ್ ಆರು ವಾರಗಳಲ್ಲಿ 38 ಗಂಟೆ.

ಇನ್ನು ಶಾಲೆಗೂ ಲಾರಿಗೂ ಏನು ಸಂಬಂಧ? ಹಿಂದೆ ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆಯಿತು. ಓದಲಾಗದ ಬಡವರಿಗೆ ಅದರಿಂದ ಅನುಕೂಲವಾಯಿತು. ಆದರೆ ಪೆಟ್ರೋಲ್, ಗ್ಯಾಸ್, ಎಥನಾಲ್‌ನಂಥ ಅಪಾಯಕಾರಿ ಸರಕಿನ ಟ್ಯಾಂಕರ್ ಓಡಿಸಲು ಕನ್ನಡದಂಥ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು, ಮೂರು ದಿನದ ವಿಶೇಷ ತರಬೇತಿ ಆಗಿರಬೇಕು. ಆದ್ದರಿಂದ ಮಕ್ಕಳೇ, "ನಾ ಡ್ರೈವರ್ ಆಗಾಂವ, ನನಗ್ಯಾಕ ಇಂಗ್ಲಿಷ್?" ಎನ್ನಬೇಡಿ. ಈ ಶಾಲೆಯ ಪಾಠ ಅಲ್ಲೂ ಅನ್ನ ಕೊಡುತ್ತದೆ.

ಪಾಲಕರಿಗೆ ಒಂದು ಮಾತು. ಕಬ್ಬಿನ ಸುಗ್ಗಿಯಲ್ಲಿ 15-16ರ ಹುಡುಗರ ಕೈಗೆ ಟ್ರ್ಯಾಕ್ಟರ್ ಕೊಟ್ಟು ರಸ್ತೆಗೆ ಕಳಿಸಬೇಡಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತನು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವಯಸ್ಸಾಗುವವರೆಗೆ ಕಲಿಕಾ ಲೈಸೆನ್ಸೂ ಸಿಗುವುದಿಲ್ಲ. ಒಂದು ಸುಗ್ಗಿಯ ಅವಸರಕ್ಕೆ ಅವನ ದುಡಿಮೆಯ ಏಳು ವರ್ಷ ಹೋಗುತ್ತವೆ.

ಹೆಣ್ಣುಮಕ್ಕಳೂ ಕೇಳಿಸಿಕೊಳ್ಳಿ. ನಾನು ಹೇಳಿದ ಯಾವ ನಿಯಮದಲ್ಲೂ ಗಂಡು, ಹೆಣ್ಣು ಎಂಬ ಭೇದ ಇಲ್ಲ. ನಿಮ್ಮಲ್ಲಿ ಒಬ್ಬಳು ಬಸ್ಸೋ ಟ್ಯಾಂಕರೋ ಓಡಿಸಿಕೊಂಡು ಈ ಶಾಲೆಯ ಮುಂದೆ ಬಂದು ನಿಂತರೆ ನಮಗೆಲ್ಲ ಹೆಮ್ಮೆ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಎರಡು ವಿನಂತಿ. ವರ್ಷಕ್ಕೊಂದು ದಿನ ಶಾಲೆಯಲ್ಲಿ ಲೈಸೆನ್ಸ್ ಮಾಹಿತಿ ಶಿಬಿರ ನಡೆಸೋಣ. ಅರ್ಜಿ ತುಂಬುವ ಕೆಲಸ ನನಗಿರಲಿ. ಅದೇ ದಿನ ಕಣ್ಣಿನ ತಪಾಸಣೆಯೂ ಆಗಲಿ. ಎರಡನೆಯದು, ಡಾಕ್ಟರು, ಅಧಿಕಾರಿಗಳಿಗೆ ಶಾಲು ಹೊದಿಸುವ ವೇದಿಕೆಯ ಮೇಲೆ ಹತ್ತಾರು ವರ್ಷ ಅಪಘಾತವಿಲ್ಲದೆ ಗಾಡಿ ಓಡಿಸಿದ ನಮ್ಮ ಶಾಲೆಯ ಚಾಲಕರನ್ನೂ ಕರೆದು ಕೂರಿಸೋಣ. ಆಗ ಹೆತ್ತವರು "ನನ್ನ ಮಗ ಡ್ರೈವರ್ ಅದಾನ್ರಿ" ಎಂದು ಗಟ್ಟಿಯಾಗಿ ಹೇಳುತ್ತಾರೆ.