ಸುತ್ತೋಲೆ ಯಾರ ಕೈ ಸೇರಬೇಕು?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕ ಸಭೆಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುತ್ತಾರೆ. ಅದನ್ನು ಒಪ್ಪದವರು ಈ ಸಭಾಂಗಣದಲ್ಲಿ ಯಾರೂ ಇರಲಾರರು. ಆದ್ದರಿಂದ ನಾನು ಬಹಳ ಒಣ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ: ಶಿಕ್ಷಣ ಇಲಾಖೆಯಿಂದ ನಮ್ಮ ಶಾಲೆಗಳಿಗೆ ಬರುವ ಸುತ್ತೋಲೆಗಳು. ಸ್ವಲ್ಪ ಸಹಿಸಿಕೊಳ್ಳಬೇಕು.

ಸುತ್ತೋಲೆ ಬರುವ ದಾರಿ ನಿಮಗೆ ಗೊತ್ತಿದೆ. ಬೆಂಗಳೂರಿನ ಆಯುಕ್ತರ ಕಚೇರಿಯಿಂದ ಜಿಲ್ಲಾ ಉಪನಿರ್ದೇಶಕರಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ. ನಮ್ಮ ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೆ ಶೈಕ್ಷಣಿಕ ಜಿಲ್ಲೆಗಳು 35. ಶಿರಸಿ, ಚಿಕ್ಕೋಡಿ, ಮಧುಗಿರಿಗಳಿಗೆ ಪ್ರತ್ಯೇಕ ಉಪನಿರ್ದೇಶಕರಿದ್ದಾರೆ. ಹಿಂದೆ ಇದೆಲ್ಲ ಟಪಾಲಿನಲ್ಲಿ ಬರುತ್ತಿತ್ತು. ಗುಮಾಸ್ತರು ಆವಕ ವಹಿಯಲ್ಲಿ ನಮೂದಿಸಿ, ಮುಖ್ಯ ಶಿಕ್ಷಕರ ಸಹಿ ಪಡೆದು, ಕಡತಕ್ಕೆ ಸೇರಿಸುತ್ತಿದ್ದರು. ಈಗ ಮುಖ್ಯ ಶಿಕ್ಷಕರ ಮೊಬೈಲಿಗೆ, ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ವೇಗ ಹೆಚ್ಚಿತು, ನಿಜ. ಆದರೆ ಆವಕ ವಹಿ ನಿಂತುಹೋಯಿತು. ಬೆಳಿಗ್ಗೆ ಬಂದ ಸುತ್ತೋಲೆ ಮಧ್ಯಾಹ್ನದ ಹೊತ್ತಿಗೆ ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಮುಖ್ಯ ಶಿಕ್ಷಕರು ವರ್ಗವಾದರೆ, ನಿವೃತ್ತರಾದರೆ, ಮೊಬೈಲ್ ಬದಲಿಸಿದರೆ, ಶಾಲೆಯ ನೆನಪೇ ಅವರೊಂದಿಗೆ ಹೊರಟುಹೋಗುತ್ತದೆ. ಸಂಸ್ಥೆಯ ಪದಾಧಿಕಾರಿಗಳಿಗಂತೂ ನೋಟಿಸು ಬಂದ ಮೇಲಷ್ಟೇ ವಿಷಯ ತಿಳಿಯುವುದು.

ಇದರಿಂದ ಯಾರಿಗೆ ನಷ್ಟ? ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಆರಂಭವಾಯಿತು. ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ರೂಪಾಯಿ ಮೀರಿರಬಾರದು, ಹಿಂದಿನ ತರಗತಿಯಲ್ಲಿ ಶೇ. 50 ಅಂಕ ಇರಬೇಕು, ಶೇ. 30 ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಕೆಳಗಿನ ತರಗತಿಯ ಮಗುವಿಗೆ ಸಿಗುತ್ತಿದ್ದುದು ವರ್ಷಕ್ಕೆ 1000 ರೂಪಾಯಿ. ಅರ್ಜಿ ಆನ್‌ಲೈನ್ ಆದ ಮೇಲೆ ಒಂದು ಹೊಸ ಹಂತ ಸೇರಿಕೊಂಡಿತು. ತಂದೆ ಸೈಬರ್ ಕೇಂದ್ರದಲ್ಲಿ ಅರ್ಧ ದಿನದ ಕೂಲಿ ಬಿಟ್ಟು ಕುಳಿತು ಅರ್ಜಿ ಹಾಕಿಸಿದರೆ ಸಾಲದು. ಶಾಲೆಯವರು ತಮ್ಮ ಲಾಗಿನ್‌ನಲ್ಲಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಅದಕ್ಕೊಂದು ಕೊನೆಯ ದಿನಾಂಕವಿರುತ್ತಿತ್ತು. ಆ ದಿನ ದಾಟಿದರೆ ಅರ್ಜಿ ಅಲ್ಲೇ ಸತ್ತಂತೆ. ನನಗೆ ಪರಿಚಯದ ಒಂದು ಶಾಲೆಯಲ್ಲಿ ಒಂದು ವರ್ಷ ಒಂದೇ ಒಂದು ಅರ್ಜಿಯೂ ಮುಂದೆ ಹೋಗಲಿಲ್ಲ. ಲಾಗಿನ್‌ನ ಪಾಸ್‌ವರ್ಡ್ ಹಿಂದಿನ ವರ್ಷವೇ ಕೆಲಸ ಬಿಟ್ಟುಹೋದ ಶಿಕ್ಷಕರ ಬಳಿ ಇತ್ತು. ಮುಂದೆ 2022-23ರಲ್ಲಿ 1ರಿಂದ 8ನೇ ತರಗತಿಯವರನ್ನು ಈ ಯೋಜನೆಯಿಂದ ಕೈಬಿಟ್ಟರು. ಆ ನಿರ್ಧಾರದ ವಿರುದ್ಧ ನಾವೆಲ್ಲ ಮನವಿ ಬರೆದೆವು, ಬರೆಯಬೇಕಾದದ್ದೇ. ಆದರೆ ಯೋಜನೆ ಇದ್ದ ವರ್ಷಗಳಲ್ಲಿ ನಮ್ಮದೇ ಶಾಲೆಗಳ ಲಾಗಿನ್‌ನಲ್ಲಿ ಸತ್ತ ಅರ್ಜಿಗಳೆಷ್ಟು ಎಂಬ ಲೆಕ್ಕವನ್ನು ಯಾವ ಸಂಸ್ಥೆಯೂ ತನ್ನ ವಾರ್ಷಿಕ ವರದಿಯಲ್ಲಿ ಹಾಕಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಉದಾಹರಣೆ ವಯಸ್ಸಿನದು. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಬಳಿಕ ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು. ಅಂದರೆ ಶಾಲೆಗಳಿಗೆ ಎರಡು ಮೂರು ವರ್ಷಗಳ ಮುನ್ಸೂಚನೆ ಇತ್ತು. ಆದರೂ 2023ರ ಜೂನ್‌ನಲ್ಲಿ ಎಷ್ಟೋ ಖಾಸಗಿ ಶಾಲೆಗಳು ನಾಲ್ಕು ತುಂಬದ ಮಕ್ಕಳನ್ನು ಎಲ್‌ಕೆಜಿಗೆ ಸೇರಿಸಿಕೊಂಡವು. ಶುಲ್ಕ ಬರುತ್ತದೆ, ಪೋಷಕರಿಗೂ ಅವಸರ. ಆ ಮಕ್ಕಳು ಯುಕೆಜಿ ಮುಗಿಸಿ ನಿಂತಾಗ ತಾಯಂದಿರು ಅಳುತ್ತಾ ಕಚೇರಿಗಳಿಗೆ ಅಲೆದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳೆಂದು ಸಡಿಲಿಕೆ ಕೊಟ್ಟರು. ಆಗಲೂ ಅದಕ್ಕಿಂತ ಚಿಕ್ಕವರು ಹೊರಗುಳಿದರು. 2022ರ ಆದೇಶದ ಪ್ರತಿಯೊಂದನ್ನು ದಾಖಲಾತಿ ಕೋಣೆಯ ಬಾಗಿಲಿಗೆ ಅಂಟಿಸಿದ್ದರೆ ಅರ್ಧ ಕಣ್ಣೀರು ಉಳಿಯುತ್ತಿತ್ತು.

ಈಗ ನಮ್ಮವರಲ್ಲಿ ಬಹಳ ಪ್ರಚಲಿತವಾದ ಒಂದು ಮಾತಿಗೆ ಬರುತ್ತೇನೆ. "ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಇದು ನಮಗೆ ಅನ್ವಯಿಸುವುದಿಲ್ಲ." ಈ ಮಾತು ಕೆಲವೊಮ್ಮೆ ನಿಜ, ಕೆಲವೊಮ್ಮೆ ಅಪಾಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಹೇಳಿತು. ಅನುದಾನಿತವಿರಲಿ, ಅನುದಾನರಹಿತವಿರಲಿ, ಎರಡಕ್ಕೂ. ಆದರೆ 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯ ದೊಡ್ಡ ಪೀಠದ ಮುಂದೆ ಹೋಗಬೇಕೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿದರು. ಅದೇ ದಿನ ಇತರ ಶಾಲೆಗಳ ಶಿಕ್ಷಕರ ಬಗ್ಗೆ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದೂ ಹೇಳಿದರು. ದೊಡ್ಡ ಪೀಠದ ತೀರ್ಮಾನದವರೆಗೆ ಅಲ್ಪಸಂಖ್ಯಾತ ಶಾಲೆಗಳಿಗೆ ಈ ನಿಬಂಧನೆ ಇಲ್ಲ. ಮರುದಿನದ ಪತ್ರಿಕೆ ಓದಿ ನಮ್ಮ ಕೆಲವು ಶಿಕ್ಷಕಿಯರು ಕೆಲಸವೇ ಹೋಯಿತೆಂದು ಹೆದರಿದರು. ಕೆಲವು ಆಡಳಿತ ಮಂಡಳಿಗಳು ನಮಗೇನೂ ಸಂಬಂಧವಿಲ್ಲವೆಂದು ನಿದ್ದೆ ಹೋದವು. ಇಬ್ಬರೂ ಪೂರ್ತಿ ಓದಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪ್ರಾಯದ ಶಿಕ್ಷಕರು ಈಗಲೇ ಟಿಇಟಿ ಬರೆದು ಪಾಸಾಗಿರುವುದು ಒಳ್ಳೆಯದು. ನಾಳೆ ತೀರ್ಮಾನ ಹೇಗೆ ಬಂದರೂ ಅವರ ನೆಲೆ ಗಟ್ಟಿಯಾಗಿರುತ್ತದೆ.

ಆದರೆ ಕಟ್ಟಡದ ಸುರಕ್ಷತೆಯ ಸುತ್ತೋಲೆಗೆ ಈ ವಿನಾಯಿತಿಯ ಮಾತೇ ಇಲ್ಲ. ಮಾನ್ಯತೆ ನವೀಕರಣದ ಸಮಯದಲ್ಲಿ ಅಗ್ನಿಶಾಮಕ ಇಲಾಖೆಯ ಪತ್ರ, ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ ಕೇಳುತ್ತಾರೆಂದು ನಾವು ಗೊಣಗುತ್ತೇವೆ. ಈ ಕಾಗದ ಎಲ್ಲಿಂದ ಹುಟ್ಟಿತು ಗೊತ್ತೇ? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಎಲ್ಲರೂ ಪುಟ್ಟ ಮಕ್ಕಳು. ಅದರ ಬೆನ್ನಿಗೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು, ಸುರಕ್ಷಿತ ಕಟ್ಟಡವಿಲ್ಲದೆ ಮಾನ್ಯತೆ ಕೊಡಬಾರದು, ಬೆಂಕಿ ನಂದಿಸುವ ಸಾಧನ ಇರಬೇಕು, ಸಿಬ್ಬಂದಿಗೆ ಅದರ ತರಬೇತಿ ಇರಬೇಕು ಎಂದು ನಿರ್ದೇಶಿಸಿತು. ಮೂಲೋಕ್ತ ವಿಷಯ, ಉಲ್ಲೇಖ, ಅಡಕ ಎಂದೆಲ್ಲ ಶುರುವಾಗುವ ಆ ನೀರಸ ಕಾಗದದ ಹಿಂದೆ 94 ಮಕ್ಕಳಿದ್ದಾರೆ. ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರಿನ ಅವಧಿ ಮುಗಿದು ಎಷ್ಟು ದಿನವಾಯಿತೆಂದು ಪದಾಧಿಕಾರಿಗಳು ನಾಳೆಯೇ ಹೋಗಿ ನೋಡಿಬರಬೇಕೆಂದು ವಿನಂತಿಸುತ್ತೇನೆ.

ಇಲಾಖೆಯದೇನೂ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್ ನೆನಪಿರಬಹುದು. 5, 8, 9ನೇ ತರಗತಿಗಳ ಮೌಲ್ಯಾಂಕನ ಪರೀಕ್ಷೆ 11ರಂದು ಆರಂಭವಾಯಿತು, ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆ ನಿಂತಿತು, ಹೈಕೋರ್ಟು ಒಪ್ಪಿದ ಮೇಲೆ 25ರಿಂದ ಮುಂದುವರಿಯಿತು, ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಂತು. ಹತ್ತು ವರ್ಷದ ಮಗು ಇದನ್ನೆಲ್ಲ ಏನೆಂದು ಅರ್ಥಮಾಡಿಕೊಳ್ಳಬೇಕು? ಇಂಥ ದಿನಗಳಲ್ಲಿ ಹಳೆಯ ಸುತ್ತೋಲೆಗಳೂ ಗುಂಪುಗಳಲ್ಲಿ ಹೊಸದಾಗಿ ಓಡಾಡುತ್ತವೆ. ಸುತ್ತೋಲೆಯ ತಲೆಯ ಮೇಲಿರುವ ಸಂಖ್ಯೆ ಮತ್ತು ದಿನಾಂಕವನ್ನು ಮೊದಲು ಓದಿ, ಆಮೇಲೆ ವಿಷಯ. ಅನುಮಾನವಿದ್ದರೆ ಬಿಇಒ ಕಚೇರಿಗೆ ಹೋಗಿ ಕೇಳಿ, ಸಾಧ್ಯವಾದರೆ ಬರಹದಲ್ಲಿ ಕೇಳಿ.

ನಾನು ಈ ಸಂಸ್ಥೆಯಿಂದ ಬಯಸುವುದು ದೊಡ್ಡದೇನಲ್ಲ. ಆವಕ ವಹಿಯನ್ನು ಮತ್ತೆ ತೆರೆಯಿರಿ. ಬಂದ ಸುತ್ತೋಲೆಯನ್ನು ಮುದ್ರಿಸಿ ಕಡತದಲ್ಲಿಡಿ, ಒಂದು ಪ್ರತಿ ಸಂಸ್ಥೆಯ ಕಾರ್ಯದರ್ಶಿಗೆ ಹೋಗಲಿ. ಲಾಗಿನ್ ವಿವರ ಒಬ್ಬರ ಜೇಬಿನಲ್ಲಿರದೆ ಶಾಲೆಯ ಕಪಾಟಿನಲ್ಲಿರಲಿ. ಪೋಷಕರಿಗೆ ಸಂಬಂಧಿಸಿದ ಸುತ್ತೋಲೆಯ ಸಾರವನ್ನು ಉರ್ದುವಿನಲ್ಲಿ, ಬ್ಯಾರಿಯಲ್ಲಿ, ಮನೆಯಲ್ಲಿ ಏನು ಮಾತನಾಡುತ್ತಾರೋ ಅದರಲ್ಲಿ ಹೇಳಿಸಿ. ಜುಮಾ ನಮಾಜಿನ ಬಳಿಕ ಜಮಾಅತಿನವರು ಎರಡು ನಿಮಿಷ ಕೊಟ್ಟರೆ ಯಾವ ವಾಟ್ಸಾಪ್ ಗುಂಪಿಗಿಂತಲೂ ಹೆಚ್ಚು ತಂದೆಯಂದಿರಿಗೆ ಮಾತು ತಲುಪುತ್ತದೆ. ತಾಯಂದಿರಿಗೆ ತಲುಪಿಸಲು ಬೇರೆ ದಾರಿ ಹುಡುಕಬೇಕು. ನಮ್ಮ ಶಿಕ್ಷಕಿಯರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತಿದೆ. ನಿಮ್ಮ ಹೆಸರು ಶಾಲೆಯ ಎಸ್‌ಎಟಿಎಸ್ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮಹಮ್ಮದ್, ಮತ್ತೊಂದು ಕಡೆ ಬರೀ ಎಂಡಿ. ಒಂದು ಕಡೆ ಬೀಬಿ, ಇನ್ನೊಂದು ಕಡೆ ಬಾನು. ತಂದೆಯ ಹೆಸರಿನ ಕತೆಯೂ ಅಷ್ಟೇ. ಅಂಕಪಟ್ಟಿ ಕೈಗೆ ಬಂದ ಮೇಲೆ ಒಂದಕ್ಷರ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಶಾಲೆಗೆ ಕರಡು ಪಟ್ಟಿ ಬರುತ್ತದೆ, ತಿದ್ದುಪಡಿಗೆ ಕೆಲವೇ ದಿನ ಕೊಟ್ಟಿರುತ್ತಾರೆ. ಆ ಪಟ್ಟಿ ಬಂತೇ ಎಂದು ನೀವೇ ಮುಖ್ಯ ಶಿಕ್ಷಕರನ್ನು ಕೇಳಿ. ಮನೆಯಿಂದ ಆಧಾರ್ ಮತ್ತು ಜನನ ಪ್ರಮಾಣಪತ್ರ ತಂದು, ನಿಮ್ಮ ಹೆಸರು, ತಂದೆ ತಾಯಿಯರ ಹೆಸರು, ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೆ ಸಹಿ ಹಾಕಿ.