ಮಣಿಕಟ್ಟು ಬೇಗ ಬಿಚ್ಚಿದರೆ: ಟಾಲಿಗಂಜ್‌ನಲ್ಲಿ ಕಲಿತ ಗಾಲ್ಫ್ ಪಾಠ

ಇವತ್ತು ಕೋಡಿಂಗ್ ಬಗ್ಗೆ ಮಾತಾಡಲ್ಲ, ಮಣಿಕಟ್ಟಿನ ಬಗ್ಗೆ ಮಾತಾಡ್ತೀನಿ. ಗಾಲ್ಫ್‌ನಲ್ಲಿ ಕ್ಲಬ್ ಚೆಂಡಿಗೆ ತಾಗೋ ಮೊದಲೇ ಮಣಿಕಟ್ಟು ಬಿಚ್ಚಿಕೊಂಡುಬಿಡುತ್ತೆ. ಅದಕ್ಕೆ ಅರ್ಲಿ ರಿಲೀಸ್ ಅಂತಾರೆ. ಗಾಳ ಎಸೆದ ಹಾಗೆ ಕಾಣೋದ್ರಿಂದ ಕಾಸ್ಟಿಂಗ್ ಅಂತಾನೂ ಹೆಸರಿದೆ. ಇದನ್ನು ತಿದ್ದಿಕೊಳ್ಳೋಕೆ ನಂಗೆ ಒಂದು ವರ್ಷ ಹಿಡೀತು. ಅದರಲ್ಲಿ ಮೊದಲ ಮೂರು ತಿಂಗಳು ಪೂರ್ತಿ ತಪ್ಪು ದಾರಿ.

ನಮ್ಮೂರು ತಿಪಟೂರಿನ ಹತ್ತಿರ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ, ಬೆಂಗಳೂರಲ್ಲಿ ಆರು ವರ್ಷ ಕೆಲಸ ಮಾಡಿ, ಕೋಲ್ಕತ್ತಾಗೆ ಬಂದೆ. ಆಫೀಸು ಸಾಲ್ಟ್ ಲೇಕ್ ಸೆಕ್ಟರ್ ಫೈವ್, ಮನೆ ನ್ಯೂ ಟೌನ್. ನಮ್ಮ ಕಡೆಯವರಿಗೆ ಗಾಲ್ಫ್ ಅಂದ್ರೆ ದೊಡ್ಡವರ ಆಟ. ನಂಗೂ ಹಾಗೇ ಅನಿಸಿತ್ತು. ಆದ್ರೆ ಈ ಊರಲ್ಲಿ ಆಟಕ್ಕೆ ತುಂಬಾ ಹಳೇ ಬೇರಿದೆ. ಟಾಲಿಗಂಜ್‌ನ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಶುರುವಾಗಿದ್ದು 1829ರಲ್ಲಿ. ಬ್ರಿಟಿಷ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಅದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಬಂದಿದ್ದು 1876ರಲ್ಲಿ. ಟೀಮಿನ ಹಿರಿಯರೊಬ್ಬರು ಒಂದು ಭಾನುವಾರ ಪ್ರಾಕ್ಟೀಸ್ ರೇಂಜ್‌ಗೆ ಕರೆದುಕೊಂಡು ಹೋದ್ರು. ಅಲ್ಲಿಂದ ಹುಚ್ಚು ಹಿಡೀತು.

ನನ್ನ ತೊಂದರೆ ಏನಂದ್ರೆ, ಸೆವೆನ್ ಐರನ್‌ನಲ್ಲಿ ಹೊಡೆದ ಚೆಂಡು ಬಲೂನಿನ ಹಾಗೆ ಮೇಲಕ್ಕೆ ಹೋಗಿ ಹತ್ತಿರದಲ್ಲೇ ಬೀಳ್ತಿತ್ತು. ಇಲ್ಲಾಂದ್ರೆ ಚೆಂಡಿಗಿಂತ ಮೊದಲು ನೆಲಕ್ಕೆ ಏಟು. ಫೋನಿನಲ್ಲಿ ಸ್ಲೋ ಮೋಷನ್ ತೆಗೆದು ನೋಡಿದೆ. ಸ್ವಿಂಗ್‌ನ ತುದಿಯಲ್ಲಿ ಎಡಗೈಗೂ ಕ್ಲಬ್ಬಿನ ಕೋಲಿಗೂ ನಡುವೆ ಸುಮಾರು 90 ಡಿಗ್ರಿ ಕೋನ ಚೆನ್ನಾಗೇ ಇತ್ತು. ಕೆಳಗೆ ಬರೋಕೆ ಶುರುವಾದ ಕೂಡಲೇ ಅದು ಬಿಚ್ಚಿಕೊಂಡುಬಿಡ್ತಿತ್ತು. ಚೆಂಡಿನ ಹತ್ತಿರ ಬರೋ ಹೊತ್ತಿಗೆ ಕ್ಲಬ್ಬಿನ ತಲೆ ನನ್ನ ಕೈಯನ್ನೇ ದಾಟಿ ಮುಂದೆ ಹೋಗಿರ್ತಿತ್ತು.

ಇದರಿಂದ ನಷ್ಟ ಯಾಕೆ ಅಂತ ಸ್ವಲ್ಪ ಫಿಸಿಕ್ಸ್ ಹೇಳ್ತೀನಿ. ಕಾಕ್ರನ್ ಮತ್ತು ಸ್ಟಾಬ್ಸ್ ಅಂತ ಇಬ್ಬರು 1968ರಲ್ಲಿ 'ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್' ಅನ್ನೋ ಪುಸ್ತಕ ಬರೆದ್ರು. ಅದರಲ್ಲಿ ಸ್ವಿಂಗನ್ನು ಎರಡು ಲೋಲಕ ಜೋಡಿಸಿದ ಹಾಗೆ ವಿವರಿಸ್ತಾರೆ. ಕೈ ಒಂದು ಲೋಲಕ, ಕ್ಲಬ್ ಇನ್ನೊಂದು, ಮಧ್ಯದ ಕೀಲು ಮಣಿಕಟ್ಟು. ಕೀಲು ಮಡಚಿರುವಾಗ ಇಡೀ ಜೋಡಿ ಸುಲಭವಾಗಿ ವೇಗ ಹಿಡಿಯುತ್ತೆ. ಕೀಲು ಬಿಚ್ಚಿಕೊಂಡಾಗ ಕೈ ನಿಧಾನ ಆಗಿ, ಆ ವೇಗ ಕ್ಲಬ್ಬಿಗೆ ದಾಟುತ್ತೆ. ಇದು ಚೆಂಡಿನ ಹತ್ತಿರ ಆಗಬೇಕು. ಮೇಲೇ ಆಗಿಬಿಟ್ರೆ, ಚೆಂಡು ಸಿಗೋ ಮೊದಲೇ ವೇಗ ಖರ್ಚಾಗಿ ಹೋಗಿರುತ್ತೆ. ಜೊತೆಗೆ ಕ್ಲಬ್ಬಿನ ಮುಖ ಆಕಾಶ ನೋಡೋದ್ರಿಂದ ನನ್ನ ಸೆವೆನ್ ಐರನ್ ನೈನ್ ಐರನ್ ಥರ ವರ್ತಿಸುತ್ತೆ.

ಇಷ್ಟು ಅರ್ಥ ಆದಮೇಲೆ ನಾನು ಮಾಡಿದ್ದೇನು? ಕೋನ ಬಿಚ್ಚಿಕೊಳ್ತಿದೆ, ಸರಿ, ಬಿಗಿಯಾಗಿ ಹಿಡಿದು ಬಿಚ್ಚದೇ ಇರೋ ಹಾಗೆ ನೋಡ್ಕೊಳ್ಳೋಣ! ದಿನಾ ನೂರು ಚೆಂಡು, ಮಣಿಕಟ್ಟು ಕಲ್ಲಿನ ಹಾಗೆ. ಚೆಂಡೆಲ್ಲ ಬಲಕ್ಕೆ ಹೋಗೋಕೆ ಶುರುವಾಯ್ತು. ಮೂರು ತಿಂಗಳಿಗೆ ಎಡ ಮಣಿಕಟ್ಟು ಊದಿಕೊಳ್ತು. ಡಾಕ್ಟರು ಆರು ವಾರ ಭಾರ ಎತ್ತಬೇಡಿ ಅಂದ್ರು. ಕೀಬೋರ್ಡ್ ಒತ್ತಿ ಅನ್ನ ತಿನ್ನೋನು ನಾನು. ಅದು ಹೇಗೋ ನಡೀತು. ಆದ್ರೆ ಎರಡು ವರ್ಷದ ಮಗಳು ಬಂದು ಕೈ ಚಾಚಿ ನಿಂತ್ರೆ ಎತ್ಕೊಳ್ಳೋಕೆ ಆಗ್ತಿರ್ಲಿಲ್ಲ. ಒಂದಷ್ಟು ದಿನ ಆದಮೇಲೆ ಅವಳು ನನ್ನ ಹತ್ರ ಕೇಳೋದನ್ನೇ ಬಿಟ್ಟಳು, ನೇರ ಅಮ್ಮನ ಹತ್ರ ಹೋಗ್ತಿದ್ದಳು. ಹೆಂಡತಿ ಏನೂ ಬೈಲಿಲ್ಲ. ಬೈದಿದ್ರೆ ವಾಸಿಯಿತ್ತು.

ಕೈ ವಾಸಿಯಾದ ಮೇಲೆ ಕ್ಲಬ್ಬುಗಳನ್ನು ಮಾರಿಬಿಡೋಣ ಅಂತಾನೇ ರೇಂಜ್‌ಗೆ ಹೋಗಿದ್ದೆ. ಅಲ್ಲಿ ಹಳೇ ಕ್ಯಾಡಿ ಒಬ್ಬರಿದ್ರು. ನಂಗೆ ಬಾಂಗ್ಲಾ ಅಷ್ಟಕ್ಕಷ್ಟೇ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ನಾಲ್ಕು ಚೆಂಡು ಹೊಡೆಯೋದನ್ನು ನೋಡಿ, ಕ್ಲಬ್ ಇಸ್ಕೊಂಡು ಉಲ್ಟಾ ಮಾಡಿ ಕೈಗೆ ಕೊಟ್ರು. ಅಂದ್ರೆ ತಲೆಯ ಹತ್ತಿರ ಹಿಡಿದು ಹಿಡಿಕೆಯನ್ನು ಬೀಸಬೇಕು. ಚೆಂಡಿಲ್ಲ. ಬೀಸಿದೆ. "ದಾದಾ, ಆವಾಜ್‌ಟಾ ಕೋಥಾಯ್?" ಅಂತ ಕೇಳಿದ್ರು. ಶಬ್ದ ಎಲ್ಲಿ ಬಂತು ಅಂತ. ಗಮನಿಸಿ ಕೇಳಿದ್ರೆ 'ಸುಯ್' ಅನ್ನೋ ಶಬ್ದ ನನ್ನ ಬಲ ಭುಜದ ಹತ್ತಿರಾನೇ ಬಂದು ಮುಗಿದುಹೋಗ್ತಿತ್ತು. ಅವರು ಬೀಸಿದ್ರೆ ಶಬ್ದ ಎಡಗಾಲಿನ ಹತ್ತಿರ.

ನಾನು ಜೋರು ಹಾಕಿದಷ್ಟೂ ಶಬ್ದ ಮೇಲೇ ಬಂತು. ಅವರು "ಆಸ್ತೆ, ಆಸ್ತೆ" ಅಂದು, ನನ್ನ ಕೈ ಮುಟ್ಟದೇ ಎಡ ಮಂಡಿ ತಟ್ಟಿದ್ರು. ಅಲ್ಲಿಂದ ಶುರು ಮಾಡು ಅಂತ.

ಆಗ ನೆನಪಾಗಿದ್ದು ಅಮ್ಮ ಬಟ್ಟೆ ಒಗೆಯೋ ಕಲ್ಲು. ಒದ್ದೆ ಸೀರೆ ಎತ್ತಿ ಬಡಿಯುವಾಗ ಮೊದಲು ಕಾಲು ಊರುತ್ತೆ, ಸೊಂಟ ತಿರುಗುತ್ತೆ, ಆಮೇಲೆ ಭುಜ, ಆಮೇಲೆ ಕೈ. ಕಟ್ಟಕಡೆಗೆ ಸೀರೆಯ ತುದಿ ಕಲ್ಲಿನ ಮೇಲೆ ಪಟ್ ಅನ್ನುತ್ತೆ. ಅಮ್ಮ ಯಾವತ್ತೂ ಮಣಿಕಟ್ಟನ್ನು ಬಿಗಿ ಹಿಡಿದಿರಲಿಲ್ಲ.

ಅಂದ್ರೆ ಮಣಿಕಟ್ಟು ಬಿಚ್ಚೋದು ತಪ್ಪಲ್ಲ. ಅದು ಬಿಚ್ಚಲೇಬೇಕು. ತಪ್ಪಿರೋದು ಅದಕ್ಕಿಂತ ಮೊದಲು. ನಾವು ಎರರ್ ಬಂದ ಸಾಲಿನಲ್ಲೇ ತೇಪೆ ಹಾಕ್ತೀವಲ್ಲ, ನಾನು ಅದೇ ಮಾಡಿದ್ದೆ. ಇನ್ನೊಂದು ಲೆಕ್ಕ ನೋಡಿ. ಒಳ್ಳೇ ಆಟಗಾರರ ಡೌನ್‌ಸ್ವಿಂಗ್ ಮುಗಿಯೋಕೆ ಸುಮಾರು ಕಾಲು ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸೋಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಮಧ್ಯದಲ್ಲಿ 'ಈಗ ಹಿಡಿ, ಈಗ ಬಿಡು' ಅಂತ ಹೇಳೋಕೆ ಸಮಯವೇ ಇಲ್ಲ. ಸರಿ ಮಾಡೋದಾದ್ರೆ ಶುರುವಿನಲ್ಲೇ ಮಾಡಬೇಕು.

ನನ್ನಲ್ಲಿ ಮೂರು ಕಾರಣ ಸಿಕ್ಕಿದವು. ಒಂದು, ಬಲಗೈ ಹಿಡಿತ ತುಂಬಾ ಬಿಗಿ, ಕ್ಲಬ್ ಬೆರಳಲ್ಲಿ ಇರದೆ ಅಂಗೈಯಲ್ಲಿ ಇತ್ತು. ಎರಡು, ಭಾರ ಬಲಗಾಲಿನ ಮೇಲೇ ಉಳಿದು, ಸ್ವಿಂಗ್ ಕೈಯಿಂದ ಶುರುವಾಗ್ತಿತ್ತು. ಮೂರು, ಚೆಂಡನ್ನು ನಾನೇ ಮೇಲೆತ್ತಬೇಕು ಅನ್ನೋ ಭ್ರಮೆ. ಎತ್ತೋ ಕೆಲಸ ಕ್ಲಬ್ಬಿನ ಮುಖದ ಇಳಿಜಾರಿನದು, ನಮ್ಮದಲ್ಲ.

ಈಗ ನಾನು ಮಾಡೋದು ಇಷ್ಟು. ಮೊದಲು ಉಲ್ಟಾ ಕ್ಲಬ್ ಹತ್ತು ಸಲ, ಶಬ್ದ ಚೆಂಡಿನ ಜಾಗದಲ್ಲಿ ಅಥವಾ ಅದರಾಚೆ ಬರೋವರೆಗೆ. ಆಮೇಲೆ ಎರಡೂ ಕಾಲು ಜೋಡಿಸಿ ನಿಂತು, ಕ್ಲಬ್ ಹಿಂದಕ್ಕೆ ಹೋಗ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಟ್ಟು ಬೀಸೋದು. ಆಗ ಕಾಲೇ ಮೊದಲು, ಕೈ ಆಮೇಲೆ. ಮೂರನೇದು, ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಮಡಚಿದ ಟವೆಲ್ ಇಟ್ಟು, ಅದಕ್ಕೆ ತಾಗದ ಹಾಗೆ ಅರ್ಧ ಸ್ವಿಂಗ್‌ನಲ್ಲಿ ಇಪ್ಪತ್ತು ಚೆಂಡು. ಬೇಗ ಬಿಚ್ಚಿದ್ರೆ ಟವೆಲ್ಲೇ ಹೇಳಿಬಿಡುತ್ತೆ. ವಾರಕ್ಕೊಂದು ಸಲ 240 ಫ್ರೇಮಿನ ವಿಡಿಯೋ. ಎಡಗೈ ನೆಲಕ್ಕೆ ಸಮಾನಾಂತರ ಆದ ಫ್ರೇಮಿನಲ್ಲಿ ಕೋನ ಇನ್ನೂ ಇದೆಯಾ ಅಂತ ಅಷ್ಟೇ ನೋಡ್ತೀನಿ. ನೋವು ಬಂದ್ರೆ ಅವತ್ತಿಗೆ ನಿಲ್ಲಿಸ್ತೀನಿ.

ಈ ಟಾಲಿಗಂಜ್‌ನಲ್ಲೇ ಬೆಳೆದವರು ಎಸ್.ಎಸ್.ಪಿ. ಚೌರಾಸಿಯಾ. ಅವರ ತಂದೆ ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲುಹಾಸು ನೋಡಿಕೊಳ್ತಿದ್ರು. ಮಗ ನೋಡಿ ನೋಡಿ ಆಟ ಕಲಿತು 2008ರಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ರು, 2016 ಮತ್ತು 2017ರಲ್ಲಿ ಸತತವಾಗಿ ಇಂಡಿಯನ್ ಓಪನ್ ಗೆದ್ರು. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಅವರೂ 2009ರಲ್ಲಿ ಇಂಡಿಯನ್ ಓಪನ್ ಗೆದ್ದವರೇ. ಹಾಗಾಗಿ ಕ್ಯಾಡಿಗಳು, ಮೈದಾನದವರು ಏನಾದ್ರೂ ಹೇಳಿದ್ರೆ ದಯವಿಟ್ಟು ನಿಂತು ಕೇಳಿ. ನಾನು ಮೂರು ತಿಂಗಳು ವಿಡಿಯೋ ನೋಡಿದೆ, ಹತ್ತು ಅಡಿ ದೂರದಲ್ಲಿ ಕೂತಿದ್ದವರನ್ನು ಒಂದು ಮಾತು ಕೇಳಲಿಲ್ಲ. ಬಾಂಗ್ಲಾ ಬರಲ್ಲ ಅನ್ನೋದು ನೆಪ.

ಪೂರ್ತಿ ಸರಿ ಹೋಯ್ತಾ? ಇಲ್ಲ. ನಾಲ್ಕು ಜನ ನೋಡ್ತಿದ್ರೆ ಮೊದಲ ಹೋಲ್‌ನಲ್ಲಿ ಇವತ್ತಿಗೂ ಗಾಳ ಎಸೀತೀನಿ. ಆದ್ರೆ ಸೆವೆನ್ ಐರನ್ ಇಪ್ಪತ್ತು ಗಜ ಮುಂದೆ ಹೋಗ್ತಿದೆ, ಮಣಿಕಟ್ಟು ನೋಯಲ್ಲ. ಭಾನುವಾರ ರೇಂಜ್ ಮುಗಿಸಿ ಮನೆಗೆ ಹೋದ್ರೆ ಮಗಳು ಬಾಗಿಲಲ್ಲಿ ಕೈ ಚಾಚ್ತಾಳೆ. ಎತ್ಕೊಳ್ತೀನಿ.

ನಿಮ್ಮಲ್ಲಿ ಯಾರಾದ್ರೂ ಕೋಲ್ಕತ್ತಾ ಕಡೆ ಬಂದ್ರೆ ಹೇಳಿ, ಒಟ್ಟಿಗೆ ಒಂದು ಬುಟ್ಟಿ ಚೆಂಡು ಹೊಡೆಯೋಣ.