ಬಿಲ್ಲಿನ ದರವೂ ಕರಿಹಲಗೆಯೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



2017ರ ನವೆಂಬರ್ 15ರಂದು ಬಹುತೇಕ ಹೋಟೆಲುಗಳ ಜಿ.ಎಸ್.ಟಿ. ಶೇಕಡಾ 5ಕ್ಕೆ ಇಳಿದುದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ನೆನಪಿರಬೇಕು. ಅಲ್ಲಿಯವರೆಗೆ ಎ.ಸಿ. ಹೋಟೆಲಿಗೆ 18, ಸಾದಾ ಹೋಟೆಲಿಗೆ 12 ಇತ್ತು.

ಇಂದು ಅನೇಕ ಕಡೆ ಬಿಲ್ಲಿನ ಲೆಕ್ಕ ನಡೆಯುವುದು ದೂರದ ಸರ್ವರಿನಲ್ಲಿ. ದರವನ್ನು ಪ್ರೋಗ್ರಾಮಿನ ಒಳಗೇ ಬರೆದಿಟ್ಟರೆ, ಒಂದು ಅಂಕಿ ತಿದ್ದಲು ಇಡೀ ಪ್ರೋಗ್ರಾಮನ್ನು ಹೊಸದಾಗಿ ಏರಿಸಬೇಕು. ಅಷ್ಟರವರೆಗೆ ಗಿರಾಕಿಯ ಬೈಗುಳ ತಿನ್ನುವವನು ಬಿಲ್ಲು ತಂದ ಮಾಣಿ! ತಿಂಡಿಯ ದರವನ್ನು ನಾವು ಗೋಡೆಗೆ ಬಣ್ಣದಲ್ಲಿ ಬರೆಸದೆ ಕರಿಹಲಗೆಯ ಮೇಲೆ ಬರೆಯುವುದಿಲ್ಲವೇ? ಹಾಗೆಯೇ ಬಲ್ಲವರು ಇಂಥ ಅಂಕಿಗಳನ್ನು ಪ್ರೋಗ್ರಾಮಿನ ಹೊರಗೆ, ಕ್ಲೌಡಿನಲ್ಲಿ ಇಡುತ್ತಾರೆ. ಕ್ಲೌಡ್ ಎಂದರೆ ಮೋಡವಲ್ಲ, ಬಾಡಿಗೆಯ ಕಂಪ್ಯೂಟರು. ಅಮೆಜಾನಿನವರ ಮುಂಬಯಿ ಕೇಂದ್ರ 2016ರಲ್ಲೇ ತೆರೆಯಿತು. ಈ ಹಲಗೆಗೆ ಅವರು ಪ್ಯಾರಾಮೀಟರ್ ಸ್ಟೋರ್ ಎಂದೂ ಮೈಕ್ರೋಸಾಫ್ಟಿನವರು ಆ್ಯಪ್ ಕಾನ್ಫಿಗರೇಶನ್ ಎಂದೂ ಹೆಸರಿಟ್ಟಿದ್ದಾರೆ. ಪ್ರೋಗ್ರಾಮು ಆಗಾಗ ಅದನ್ನು ನೋಡಿಕೊಂಡು ಲೆಕ್ಕ ಹಾಕುತ್ತದೆ.

ಆದರೆ ಹಲಗೆ ಒಂದೇ ಆದುದರಿಂದ ಅಲ್ಲಿ ತಪ್ಪು ಬಿದ್ದರೆ ದಾದರಿನಿಂದ ಡೊಂಬಿವಲಿಯವರೆಗೆ ಎಲ್ಲ ಶಾಖೆಗಳ ಬಿಲ್ಲೂ ಒಮ್ಮೆಗೇ ತಪ್ಪುತ್ತದೆ. ಯಾರು, ಯಾವಾಗ ತಿದ್ದಿದರೆಂಬ ದಾಖಲೆಯೂ ಹಳೆಯ ಅಂಕಿಗೆ ಮರಳುವ ದಾರಿಯೂ ಇರಲೇಬೇಕು. ಪಾಸ್‌ವರ್ಡನ್ನಂತೂ ಹಲಗೆಯ ಮೇಲೆ ಬರೆಯದೆ ಬೇರೆ ಬೀಗದಲ್ಲಿಡತಕ್ಕದ್ದು.

ಇಂಥ ಪ್ರೋಗ್ರಾಮು ಬರೆಯುವ ನಮ್ಮ ಮಕ್ಕಳಲ್ಲಿ ಒಂದೇ ವಿನಂತಿ: ಬಿಲ್ಲು ತಪ್ಪಿದಾಗ ಮಾಣಿಯ ಸಂಬಳ ಕಡಿಯುವ ಮುಂಚೆ ಧಣಿಗಳು ಓದಬಲ್ಲಂತೆ ಆ ದಾಖಲೆಯನ್ನು ಇಡಿರಿ.